ಕೆಳಗಿನ ಪದರ

ಮೂರನೇ ಮಹಡಿಯ ಕಿಟಕಿಯ ಹೊರಗೆ ನೇತಾಡುತ್ತಿದ್ದೆ!

ಒಂದೇ ಕೈಯಲ್ಲಿ!

ಇನ್ನೊಂದು ಕೈ ಅಂಗಿಯೊಳಗಿತ್ತು. ಅಲ್ಲೊಂದು ಗಾಜಿನ ಬಾಟಲಿ. ಹಸುಗೂಸಿನ ಹಾಗೆ ಎದೆಗೆ ಅವುಚಿಕೊಂಡಿದ್ದೆ.

ಕೆಳಗೆ ಸಿಮೆಂಟ್ ಅಂಗಳ. ಒಳಗೆ ಲ್ಯಾಬಿನ ಬಾಗಿಲನ್ನು ಯಾರೋ ಒದೆಯುತ್ತಿದ್ದರು. ಧಡ್... ಧಡ್...

ಸರಿ ಸ್ವಾಮಿ, ಮೂರನೇ ಮಹಡಿ ಅಲ್ಲ. ಎರಡನೆಯದು.

ಹಾಗೆ ನೋಡಬೇಡಿ... ಮೊದಲನೆಯದು! ಆದರೆ ನೇತಾಡುತ್ತಿರುವವನಿಗೆ ಅದೇನು ಕಮ್ಮಿ ಎತ್ತರವೇ?

ಬಾಗಿಲು ಮುರಿಯಿತು.

"ಎಲ್ಲೋ ಅವನು?"

"ಕಿಟಕಿ ನೋಡ್ರೋ, ಕಿಟಕಿ!"

ಒಂದು ತಲೆ ಹೊರಬಂತು. ಗುದ್ದಲಿ! ಟ್ಯಾಂಕರ್ ಮಾಲೀಕ ಪನ್ನೀರಿನ ಬಲಗೈ ಬಂಟ. ಅವನ ದವಡೆ ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಕೇಳಬೇಕಾಗಿಲ್ಲ.

"ಏನಪ್ಪಾ ಬಡಾಯಿ, ಯಾರೋ ಒಗೆದು ಒಣಗಿಹಾಕಿದ ಹಾಗಿದ್ದೀಯಾ!"

"ಗಾಳಿ ಚೆನ್ನಾಗಿದೆ. ಬಾ, ನೀನೂ ಒಣಗು!"

ಅವನು ಕೈ ಚಾಚಿದ.

ನಾನು ಕೈ ಬಿಟ್ಟೆ.

ಹೂವಿನ ಕುಂಡದ ಮೇಲೆ ಬಿದ್ದೆ. ಕುಂಡ ಚೂರಾಯಿತು. ಬಾಟಲಿ ಉಳಿಯಿತು. ಎದ್ದು, ಕುಂಟುತ್ತಾ ಓಡಿ, ಸ್ಕೂಟರ್ ಹತ್ತಿದೆ.

ಓಡಿಸುತ್ತಲೇ ಹೇಳುತ್ತೇನೆ, ಕೇಳಿ.

ನನ್ನ ಕಸುಬು ಹೊಂದಿಸುವುದು. ನಿಮಗೆ ಏನೋ ಬೇಕು, ಅದು ಇನ್ನಾರ ಹತ್ತಿರವೋ ಇದೆ... ನಡುವೆ ನಾನು. ಊರು ನನ್ನನ್ನು ಬಡಾಯಿ ಅನ್ನುತ್ತದೆ. ಹತ್ತನ್ನು ನೂರು ಮಾಡುವುದು ನನ್ನ ನಾಲಿಗೆಗೆ ಅಭ್ಯಾಸ. ಅಪ್ಪ ಇಟ್ಟ ಹೆಸರು ನನಗೇ ಮರೆತುಹೋಗಿದೆ ಅಂದರೆ ನಂಬಿ. ಅರ್ಧ ನಂಬಿದರೂ ಸಾಕು.

ಊರಿನ ದೊಡ್ಡ ನೀರಿನ ಪೈಪ್ ಒಡೆದಿತ್ತು. ಆಸ್ಪತ್ರೆಯ ಡಯಾಲಿಸಿಸ್ ಹಾಲ್‌ಗೆ ನೀರು ಬೇಕಿತ್ತು. ಅಲ್ಲಿ ಒಬ್ಬೊಬ್ಬರ ರಕ್ತದ ಪಕ್ಕದಲ್ಲೇ ನೂರಾರು ಲೀಟರ್ ನೀರು ಹರಿಯುತ್ತದೆ, ನಡುವೆ ಕೂದಲಿಗಿಂತ ತೆಳುವಾದ ಒಂದು ಪೊರೆ. ರಕ್ತದ ಕೊಳೆ ನೀರಿಗೆ ಹೋಗಬೇಕು. ನೀರಿನಲ್ಲೇ ಕೊಳೆ ಇದ್ದರೆ? ಅದು ರಕ್ತಕ್ಕೆ ಬರುತ್ತದೆ. ಸಾಲದ್ದಕ್ಕೆ ಅವರ ದೊಡ್ಡ ಫಿಲ್ಟರ್ ಅದೇ ವಾರ ಕೈಕೊಟ್ಟಿತ್ತು. ಹೊಸದು ಬರುವವರೆಗೆ ಚಿಕ್ಕ ಫಿಲ್ಟರ್‌ನಲ್ಲೇ ಕಾಲ ತಳ್ಳುತ್ತಿದ್ದರು.

ಅವರಿಗೆ ಟ್ಯಾಂಕರ್ ಹೊಂದಿಸಿಕೊಟ್ಟವನು ನಾನೇ. ಪನ್ನೀರಿನ ಟ್ಯಾಂಕರ್!

ಆ ಹಾಲ್‌ನಲ್ಲಿ ವಾರಕ್ಕೆರಡು ಸಲ ನಮ್ಮ ಸೋದರಮಾವ ಮಲಗುತ್ತಾರೆ. ಅಪ್ಪ ಅಮ್ಮ ಹೋದಮೇಲೆ ನನ್ನನ್ನೂ ಅಕ್ಕನನ್ನೂ ಸಾಕಿದವರು. ಕಿಡ್ನಿ ಎರಡೂ ರಜೆ ಹಾಕಿವೆ ಅಂತ ಅವರೇ ನಗುತ್ತಾರೆ.

ಮಾವನ ಮಾತ್ರೆ ತರಲು ಹೋದ ಅಕ್ಕ ಆಸ್ಪತ್ರೆಯ ತೊಟ್ಟಿಯಲ್ಲಿ ಇಣುಕಿದಳು. ಅಂಚಿನಲ್ಲಿ ತೆಳ್ಳನೆ ಹಸಿರು. ಅಕ್ಕ ಕೆಮಿಸ್ಟ್. ನೀರು ನೋಡಿ ಸುಮ್ಮನೆ ಬರುವ ಪೈಕಿ ಅಲ್ಲ. ಒಂದು ಕ್ಯಾನ್ ತುಂಬಿಸಿಕೊಂಡು ಲ್ಯಾಬಿಗೆ ಬಂದಳು.

"ಪಾಚಿ ವಿಷ ಬಿಟ್ಟಿರಬಹುದು" ಅಂದಳು. "ಲಿವರ್ ತಿಂದು ಹಾಕುತ್ತೆ. ಕುದಿಸಿದ್ರೂ ಹೋಗಲ್ಲ."

"ಮೆಷಿನ್ನಿಗೆ ಹಾಕು, ಗೊತ್ತಾಗುತ್ತೆ."

"ಇಷ್ಟು ತೆಳ್ಳಗೆ ಕರಗಿದ್ರೆ ಮೆಷಿನ್ನಿಗೂ ಕಾಣಲ್ಲ. ಮೊದಲು ಒಟ್ಟು ಮಾಡ್ಬೇಕು. ಇದು ನೋಡು."

ಜೇನಿನ ಬಣ್ಣದ ಒಂದು ದ್ರವ ತೋರಿಸಿದಳು. ಮೂಸಿದೆ. ವಾಸನೆಯೇ ಇಲ್ಲ.

"ಏನಕ್ಕ ಇದು, ಎಣ್ಣೆನಾ?"

"ಉಪ್ಪು."

"ಹೋಗಕ್ಕ!"

"ಉಪ್ಪೇ ಕಣೋ. ಹರಳು ಕಟ್ಟಲ್ಲ, ಮಾಮೂಲಿ ಬಿಸಿಲಲ್ಲೂ ನೆರಳಲ್ಲೂ ದ್ರವವಾಗೇ ಇರುತ್ತೆ. ಅಯಾನಿಕ್ ಲಿಕ್ವಿಡ್ ಅಂತೀವಿ. ಆವಿ ಆಗಲ್ಲ, ಅದಕ್ಕೇ ವಾಸನೆ ಇಲ್ಲ. ನೀರಿಗೆ ಹಾಕಿ ಕುಲುಕಿದ್ರೆ, ಅದರಲ್ಲಿರೋ ವಿಷದಂಥ ಅಣುಗಳು ನೀರನ್ನ ಬಿಟ್ಟು ಇದಕ್ಕೆ ಬಂದು ಸೇರ್ಕೊಳ್ತವೆ. ಒಂದು ಕ್ಯಾನ್‌ನಲ್ಲಿ ಚದುರಿರೋದು ಒಂದು ಚಮಚಕ್ಕೆ ಬರುತ್ತೆ."

"ಅಂದ್ರೆ ನನ್ನ ಹಾಗೆ. ಊರಲ್ಲಿ ಚದುರಿರೋ ಸುದ್ದಿನೆಲ್ಲ ಒಂದು ಕಡೆ ತರೋದು!"

"ನಿನ್ನ ಹಾಗಲ್ಲ. ಇದು ಒಟ್ಟು ಮಾಡಿದ್ದನ್ನ ಊದಿಸಲ್ಲ."

ಆಮೇಲೆ ಕೇಳಿದಳು: "ಪನ್ನೀರು ನೀರು ಎಲ್ಲಿ ತುಂಬಿಸ್ತಾನೋ?"

"ಬೋರ್‌ವೆಲ್‌ನಲ್ಲಿ. ಗಾಜಿನ ಹಾಗಿದೆ ನೀರು!" ಅಂದೆ.

ಆ ಮಾತನ್ನು ನೆನಪಿಟ್ಟುಕೊಳ್ಳಿ, ಸ್ವಾಮಿ. ನನಗಂತೂ ಮರೆಯಲಾಗುತ್ತಿಲ್ಲ.

ಅಲ್ಲಿಂದ ನೆಟ್ಟಗೆ ಟೀ ಅಂಗಡಿಗೆ ಹೋದೆ. ಅಲ್ಲಿ ಗುದ್ದಲಿ ಕೂತಿದ್ದ. ಹಾಳು ನಾಲಿಗೆ ಸುಮ್ಮನಿರಬೇಕಲ್ಲ!

"ನಮ್ಮಕ್ಕ ಒಂದು ಹನಿ ನೀರಲ್ಲಿ ನಿಮ್ಮ ಧಣಿ ಜಾತಕ ಓದಿಬಿಡ್ತಾಳೆ, ಗೊತ್ತಾ?"

ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದ. ನನಗೆ ಹೆಮ್ಮೆಯಾಯಿತು. ಎಂಥ ಮಾತಾಡಿದೆ!

ಮರುದಿನ ಬೆಳಿಗ್ಗೆ ಅಕ್ಕನ ಫೋನು. ಅವಳು ಊರಿನ ಆ ತುದಿಯ ಕಾಲೇಜಿನಲ್ಲಿದ್ದಳು. ಅಣು ಅಳೆಯುವ ದೊಡ್ಡ ಮೆಷಿನ್ ಅಲ್ಲಿದೆ. ಸರದಿ ಸಿಗುವವರೆಗೆ ಜಾಗ ಬಿಡುವಂತಿಲ್ಲ. ಅವಳ ಫನಲ್ ಲ್ಯಾಬಿನಲ್ಲೇ ಇತ್ತು, ಸೋರೆಕಾಯಿ ಆಕಾರದ ಗಾಜಿನದು, ಬುಡದಲ್ಲೊಂದು ಪುಟ್ಟ ನಲ್ಲಿ. ಕುಲುಕಿದ ಮೇಲೆ ಪದರ ಬಿಡಲು ಹೊತ್ತು ಹಿಡಿಯುತ್ತದಂತೆ, ಅದಕ್ಕೇ ಬಿಟ್ಟು ಹೋಗಿದ್ದಳು.

"ಡಾಕ್ಟರಿಗೆ ಹೇಳಿದೆ ಕಣೋ. ರಿಪೋರ್ಟ್ ಇಲ್ದೆ ಡಯಾಲಿಸಿಸ್ ನಿಲ್ಸಲ್ಲ ಅಂತಾರೆ. ನಿಲ್ಸಿದ್ರೂ ಜೀವಕ್ಕೇ ಅಪಾಯ ಅಲ್ವಾ, ಅವರದ್ದೂ ತಪ್ಪಲ್ಲ. ಬೆಳಗಿನ ಪಾಳಿ ಶುರುವಾಗಿದೆ. ಮಧ್ಯಾಹ್ನ ಮಾವನ್ನ ಮಲಗಿಸ್ತಾರೆ. ಬೇಗ ಬಾ!"

"ಬಂದೆ ಅನ್ಕೋ."

"ಕೇಳು ಮೊದ್ಲು. ಎರಡು ಪದರ ಇದೆ. ಫನಲ್ ತರಬೇಡ, ಕುಲುಕಿದ್ರೆ ಮತ್ತೆ ಬೆರೆಯುತ್ತೆ. ಪದರ ಬೇರೆ ಮಾಡಿ ಬಾಟ್ಲಿಗೆ ಹಾಕ್ಕೊಂಡು ಬಾ. ನಮಗೆ ಬೇಕಿರೋದು—"

"ಗೊತ್ತು ಬಿಡಕ್ಕ! ಇಂಥವು ಸಾವಿರ ನೋಡಿದ್ದೀನಿ!"

ಫೋನ್ ಇಟ್ಟೆ.

ಒಂದನ್ನೂ ನೋಡಿರಲಿಲ್ಲ.

ಲ್ಯಾಬಿಗೆ ಬಂದೆ. ಫನಲ್‌ನಲ್ಲಿ ಮೇಲೆ ತಿಳಿನೀರಿನಂಥ ದೊಡ್ಡ ಪದರ, ಬುಡದಲ್ಲಿ ಬೆರಳಿನಷ್ಟು ಮಂದದ್ದು. ನಲ್ಲಿ ತಿರುಗಿಸಿ ಏನು ಮಾಡಬೇಕೋ ಅದನ್ನು ಮಾಡಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಪನ್ನೀರಿನ ಜನ! ಯಾರ ಟೀ ಅಂಗಡಿ ಮಾತು ಕೇಳಿ ಬಂದರು ಅಂತ ಹೇಳಬೇಕಾಗಿಲ್ಲವಲ್ಲ? ಬಾಗಿಲಿಗೆ ಚಿಲಕ ಹಾಕಿ ಕಿಟಕಿ ಹತ್ತಿದೆ.

ಮಿಕ್ಕಿದ್ದು ನಿಮಗೆ ಗೊತ್ತು.

ಈಗ ಹಿಂದೆ ಜೀಪು ಬರುತ್ತಿತ್ತು. ಎರಡು ಜೀಪು... ಒಂದೇ ಅನ್ನಿ. ಆದರೆ ಎರಡರಷ್ಟು ಸದ್ದು!

ಎಡಕ್ಕೆ ತಿರುಗಿದೆ. ಜೀಪೂ ತಿರುಗಿತು. ಲಾಂಡ್ರಿಯವನ ಗಲ್ಲಿಗೆ ನುಗ್ಗಿದೆ. ಒದ್ದೆ ಬೆಡ್‌ಶೀಟುಗಳು ಮುಖಕ್ಕೆ ಪಟಪಟ ಹೊಡೆದವು. ಒಂದು ದಿಂಬಿನ ಚೀಲ ಹೆಲ್ಮೆಟ್ಟಿಗೆ ಸಿಕ್ಕಿಕೊಂಡಿತು.

"ಯಾವನೋ ಅವನು! ಈಗ ಒಗ್ದಿದ್ದು ಕಣೋ!" ಲಾಂಡ್ರಿಯವನ ಬೊಬ್ಬೆ.

ಗಲ್ಲಿ ಕಿರಿದು. ಜೀಪಿನ ಕನ್ನಡಿ ಗೋಡೆಗೆ ಉಜ್ಜಿ ಮುರಿಯಿತು. ಆಮೇಲೆ ಜೀಪೇ ಸಿಕ್ಕಿಬಿತ್ತು. ಗುದ್ದಲಿಗೆ ಬಾಗಿಲು ತೆರೆಯಲೂ ಜಾಗವಿರಲಿಲ್ಲ. ಒಳಗಿನಿಂದಲೇ ನನ್ನ ವಂಶವನ್ನೆಲ್ಲ ಬೈದ.

ಕಾಲೇಜು ತಲುಪಿದೆ. ಮೆಟ್ಟಿಲು ಹಾರಿ, ಬಾಗಿಲು ತಳ್ಳಿ, ಬಾಟಲಿಯನ್ನು ಗೆದ್ದ ಕಪ್ಪಿನ ಹಾಗೆ ಮೇಲೆತ್ತಿದೆ.

"ತಗೋ ಅಕ್ಕ! ಪ್ರಾಣ ಪಣಕ್ಕಿಟ್ಟು ತಂದಿದ್ದೀನಿ!"

ಅಕ್ಕ ಬಾಟಲಿ ಹಿಡಿದಳು. ಬೆಳಕಿಗೆ ಎತ್ತಿ ನೋಡಿದಳು. ಅಲುಗಿಸಿದಳು.

"ಕೆಳಗಿಂದು ಎಲ್ಲಿ?"

"ಯಾವ ಕೆಳಗಿಂದು?"

"ಕೆಳಗಿನ ಪದರ ಕಣೋ. ಮಂದ ಇತ್ತಲ್ಲ, ಜೇನಿನ ಬಣ್ಣದ್ದು."

"ಓ, ಆ ಗಸಿನಾ? ಮೊದಲು ಅದೇ ಬಂತು... ಸಿಂಕಿಗೆ ಬಿಟ್ಟೆ."

ಅಕ್ಕ ಕುರ್ಚಿಯಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಣ್ಣೆ ತೇಲುತ್ತೆ ಅಲ್ವಾ ಅಕ್ಕ..." ಅಂದೆ. "ಕೆನೆ ಮೇಲೇ ಬರುತ್ತೆ ಅಲ್ವಾ..."

"ಇದು ನೀರಿಗಿಂತ ಭಾರ. ಮುಳುಗುತ್ತೆ. ಕ್ಯಾನ್ ನೀರಿನ ವಿಷವೆಲ್ಲ ಆ ಗಸೀಲಿತ್ತು. ನೀನು ತಂದಿರೋದು ವಿಷ ತೆಗೆದ ನೀರು." ಬಾಟಲಿಯನ್ನು ನನ್ನ ಕೈಗೇ ಹಿಂದಿರುಗಿಸಿದಳು. "ಇವತ್ತು ಈ ಊರಲ್ಲಿ ಪಾಚಿವಿಷ ಇಲ್ದೇ ಇರೋ ನೀರು ಇದೊಂದೇ ಇರಬೇಕು."

ಗಡಿಯಾರ ನೋಡಿದೆ. ಅವಳೂ ನೋಡಿದಳು.

"ಹೊಸದಾಗಿ ಮಾಡೋಣ ಅಕ್ಕ."

"ಆಸ್ಪತ್ರೆ ತೊಟ್ಟಿಯಿಂದ ಮತ್ತೆ ನೀರು ತರಬೇಕು, ಕುಲುಕಬೇಕು, ಪದರ ಬಿಡಬೇಕು... ಸಂಜೆ ಆಗುತ್ತೆ." ಅವಳು ಆಗಲೇ ಬ್ಯಾಗು ಹೆಗಲಿಗೆ ಹಾಕಿದ್ದಳು. "ಅದನ್ನ ನಾನು ನೋಡ್ಕೋತೀನಿ. ನೀನು ಹೋಗಿ ಡಯಾಲಿಸಿಸ್ ನಿಲ್ಲಿಸು."

"ಹೇಗೆ?"

"ಹೊಂದಿಸೋದು ನಿನ್ನ ಕಸುಬಲ್ವಾ? ಹೊಂದಿಸು!"

ಡಯಾಲಿಸಿಸ್ ಹಾಲ್‌ನಲ್ಲಿ ಎಂಟು ಹಾಸಿಗೆ. ಎಂಟು ಮೆಷಿನ್. ಗುಯ್ ಅನ್ನುವ ಒಂದೇ ಶ್ರುತಿ.

ಕಿಟಕಿ ಪಕ್ಕದ ಮೊದಲನೇ ಹಾಸಿಗೆಯಲ್ಲಿ ಟೈಲರಮ್ಮ. ಬೆಳಗಿನ ಪಾಳಿಯವರು, ಆಗಲೇ ಮುಕ್ಕಾಲು ಹೊತ್ತು ಮುಗಿಸಿದ್ದರು. ಎಡಗೈ ಮೆಷಿನ್ನಿಗೆ. ಬಲಗೈಯಲ್ಲಿ ಹೊಟ್ಟೆ ಮೇಲಿನ ಡಬ್ಬಿಯಿಂದ ಗುಂಡಿಗಳನ್ನು ಬಣ್ಣಬಣ್ಣವಾಗಿ ಆರಿಸುತ್ತಿದ್ದರು.

"ಬಂದ ನೋಡ್ರಮ್ಮ ಬಡಾಯಿ! ಹೆಲ್ಮೆಟ್ಟಿಗೆ ಇದೇನೋ ದಿಂಬಿನ ಚೀಲ? ಹೊಸ ಫ್ಯಾಷನ್ನಾ?"

ನಾಲ್ಕನೇ ಹಾಸಿಗೆಯಲ್ಲಿ ಮಾವ. ತೋಳು ಚಾಚಿ ಕೂತಿದ್ದರು. ದೊಡ್ಡ ಸಿಸ್ಟರ್ ಸೂಜಿ ಸಿದ್ಧ ಮಾಡುತ್ತಿದ್ದರು.

"ಏನು ಅಳಿಯಂದಿರೇ, ಈ ಕಡೆ ಸವಾರಿ?"

"ಚುಚ್ಚಬೇಡಿ ಸಿಸ್ಟರ್!" ಅಂತ ಕೂಗಿದೆ. "ಡಾಕ್ಟರೇ! ನೀರಲ್ಲಿ ವಿಷ ಇದೆ! ಎಲ್ಲಾ ಮೆಷಿನ್ ನಿಲ್ಲಿಸಿ!"

ಡಾಕ್ಟರಮ್ಮ ಬಂದರು. ಸಣ್ಣ ದೇಹ, ದಣಿದ ಕಣ್ಣು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು.

"ರಿಪೋರ್ಟ್ ಕೊಡಿ."

ರಿಪೋರ್ಟ್ ಎಲ್ಲಿತ್ತು? ಬಾಟಲಿ ಎತ್ತಿದೆ. ಆ ಗಳಿಗೆಗೆ ಸಿಕ್ಕಿದ್ದು ಅದೊಂದೇ.

"ಇದೇ ರಿಪೋರ್ಟು! ನಿಮ್ಮ ತೊಟ್ಟಿಯಿಂದ ಹಿಂಡಿ ತೆಗೆದ ವಿಷ! ಇದರಲ್ಲೊಂದು ಹನಿ ಸಾಕು, ಸಾವಿರ ಆನೆ ಬೀಳ್ತವೆ!"

"ಹೌದಾ?" ಅಂತು ಹಿಂದಿನಿಂದ ಒಂದು ದನಿ.

ಪನ್ನೀರು!

ಇಸ್ತ್ರಿ ಮಾಡಿದ ಬಿಳಿ ಅಂಗಿ. ಹತ್ತಿರ ಬಂದರೆ ಅತ್ತರು ಘಮ್ ಅನ್ನುವುದಕ್ಕೇ ಆ ಹೆಸರು. ಪಕ್ಕದಲ್ಲಿ ಗುದ್ದಲಿ, ಮೊಣಕೈಯಲ್ಲಿ ಗೋಡೆಯ ಸುಣ್ಣ. ಅವನು ಮುಂದೆ ಬಂದ. ಪನ್ನೀರು ಕೈ ಅಡ್ಡ ಹಿಡಿದು ತಡೆದ.

"ಬೇಡಪ್ಪ. ಆಸ್ಪತ್ರೆ ಇದು. ಮಾತಲ್ಲೇ ಮುಗಿಸೋಣ." ನನ್ನ ಕಡೆ ತಿರುಗಿದ. "ಸಾವಿರ ಆನೆ ಅಂದ್ಯಾ?"

ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಮುಚ್ಚಳ ತೆಗೆದ. ಎಲ್ಲರಿಗೂ ಕಾಣುವ ಹಾಗೆ ಎತ್ತಿದ.

ಗಟಗಟ ಕುಡಿದ!

ಪೂರ್ತಿ!

ತುಟಿ ಒರೆಸಿಕೊಂಡ. "ಸ್ವಲ್ಪ ಉಪ್ಪುಪ್ಪು. ಅಷ್ಟೇ."

ಯಾರೋ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಹಾಸಿಗೆಗಳುದ್ದಕ್ಕೂ ನಗು ಹರಿಯಿತು. ಡಾಕ್ಟರು ಹಣೆ ಒತ್ತಿಕೊಂಡರು.

"ಇವರನ್ನ ಹೊರಗೆ ಕಳಿಸಿ. ಸಿಸ್ಟರ್, ನೀವು ಮುಂದುವರಿಸಿ."

ಸಿಸ್ಟರ್ ಮಾವನ ತೋಳು ಹಿಡಿದರು.

ಆಗ ನನ್ನೊಳಗೆ ಏನೋ ಮುರಿಯಿತು, ಸ್ವಾಮಿ. ಸದ್ದಿಲ್ಲದೆ.

"ಡಾಕ್ಟರೇ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಆ ಬಾಟ್ಲೀಲಿ ವಿಷ ಇರಲಿಲ್ಲ. ವಿಷ ಇದ್ದಿದ್ದನ್ನ ನಾನೇ ಚೆಲ್ಲಿದೆ, ತಿಳೀದೆ. ಆದ್ರೆ ಟ್ಯಾಂಕರ್ ಎಲ್ಲಿ ತುಂಬುತ್ತೆ ಅಂತ ನನಗೆ ಗೊತ್ತು. ಹಳೇ ಕಲ್ಲುಕ್ವಾರಿ ಗುಂಡಿ. ಹೋದ ವಾರ ಕಣ್ಣಾರೆ ನೋಡಿದೆ. ಮೇಲೆಲ್ಲ ಹಸಿರು ಬಣ್ಣ ಸುರಿದ ಹಾಗೆ ಪಾಚಿ. ಪೈಪು ಅದರೊಳಗೇ ಇತ್ತು. ಕೇಳಿದೆ. ತೋಟಕ್ಕೆ ಅಂದ ಈ ಪನ್ನೀರು. ನಾನು ಮತ್ತೆ ಕೇಳಲಿಲ್ಲ. ನಮ್ಮಕ್ಕ ಕೇಳಿದ್ರೆ ಬೋರ್‌ವೆಲ್ ಅಂದೆ."

ಹಾಸಿಗೆಗಳಲ್ಲಿದ್ದವರೆಲ್ಲ ಪನ್ನೀರಿನ ಕಡೆ ತಿರುಗಿದರು.

ಆಮೇಲೆ ಗುದ್ದಲಿ ಕಿಸಕ್ಕನೆ ನಕ್ಕ. "ಹೋದ ತಿಂಗಳು ಚಿರತೆ ಜೊತೆ ಕುಸ್ತಿ ಆಡಿದ್ದೆ ಅಂದಿದ್ದ, ಮೇಡಂ, ಇದೇ ಬಾಯಲ್ಲಿ!"

ಮತ್ತೆ ನಗು. ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ, ನಂಬಿಕೆಯೂ ಇರಲಿಲ್ಲ.

ಮಾವ ಮಾತ್ರ ನನ್ನನ್ನೇ ನೋಡುತ್ತಿದ್ದರು. ಚಾಚಿದ ತೋಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನನ್ನು ನಂಬಿ ನಂಬಿ ಅವರಿಗೂ ಸಾಕಾಗಿತ್ತು.

"ಡಾಕ್ಟರಮ್ಮ..."

ಟೈಲರಮ್ಮ. ಗುಂಡಿ ಆರಿಸುವುದನ್ನು ನಿಲ್ಲಿಸಿದ್ದರು.

"ಇವನು ಒಂದು ಇಲಿ ಕಂಡ್ರೆ ಹತ್ತು ಹುಲಿ ಅಂತಾನೆ. ಇವತ್ತು ಒಂದು ಗುಂಡಿ, ಒಂದು ಪೈಪು ಅಂತಿದ್ದಾನೆ. ತನ್ನನ್ನೇ ಚಿಕ್ಕದು ಮಾಡ್ಕೊಂಡು ಹೇಳ್ತಿದ್ದಾನೆ. ಇದು ನಿಜ ಕಣಮ್ಮ. ಮೆಷಿನ್ನಿಂದ ನನ್ನ ಬಿಚ್ಚಿ."

"ಅಮ್ಮಾ, ಇನ್ನು ಸ್ವಲ್ಪವೇ ಹೊತ್ತು—"

"ಬಿಚ್ಚಿ ಅಂದೆ. ಬೆಳಗಿಂದ ಕಣ್ಣೆಲ್ಲ ಮಂಜು ಮಂಜು. ಈ ಗುಂಡಿ ನೀಲಿನೋ ಹಸಿರೋ ಗೊತ್ತಾಗ್ತಿಲ್ಲ ನನಗೆ."

ಡಾಕ್ಟರು ಅವರ ಕಡೆ ಧಾವಿಸಿದರು. ಪನ್ನೀರಿನ ಕಣ್ಣು ಬಾಗಿಲ ಕಡೆ ಹೋಯಿತು. ನನ್ನ ಕಣ್ಣು ಹಿಂದಿನ ತೊಟ್ಟಿ ಕೋಣೆಯ ಕಡೆ.

ಓಡಿದೆ!

"ಹಿಡಿಯೋ ಅವನ್ನ!"

ಗುದ್ದಲಿ ಕೋಣೆಯ ಹೊಸ್ತಿಲಲ್ಲೇ ನನ್ನ ಕಾಲರ್ ಹಿಡಿದ. ಒಂದು ಗುದ್ದು... ಕಿವಿಯಲ್ಲಿ ಊರಿನ ಸೈರನ್ನುಗಳೆಲ್ಲ ಕೂಗಿದವು. ಬಿದ್ದೆ. ಬಿದ್ದಲ್ಲೇ ಪಂಪಿನ ಪ್ಲಗ್ ಕಂಡಿತು. ಕಿತ್ತೆ! ಅವನು ಹೊಟ್ಟೆಗೆ ಒದ್ದ. ತೆವಳಿದೆ. ತೊಟ್ಟಿಯ ತಳದಲ್ಲಿ ತೊಳೆಯುವಾಗ ತೆಗೆಯುವ ದಪ್ಪ ಮುಚ್ಚಳ. ಎರಡೂ ಕೈಯಲ್ಲಿ ತಿರುಗಿಸಿದೆ. ಬೆನ್ನಿಗೆ ಇನ್ನೊಂದು ಒದೆ. ಮತ್ತೆ ತಿರುಗಿಸಿದೆ.

ಮುಚ್ಚಳ ಹಾರಿತು!

ನೀರು ನುಗ್ಗಿತು. ಅದರ ಜೊತೆ ತಳದ ಲೋಳೆ. ಹಸಿರು! ಬಿಳಿ ಟೈಲ್ಸ್ ಮೇಲೆ ಹರಿದು, ಹೊಸ್ತಿಲು ದಾಟಿ, ಹಾಲ್‌ಗೆ ಹೋಯಿತು. ಗುದ್ದಲಿ ಅದರ ಮೇಲೆ ಕಾಲಿಟ್ಟ. ಆ ದೊಡ್ಡ ದೇಹ ಗಾಳಿಯಲ್ಲಿ ಒಂದು ಸುತ್ತು ಸುತ್ತಿ... ಇಲ್ಲ, ಸುತ್ತಲಿಲ್ಲ. ಸುಮ್ಮನೆ ಜಾರಿ ಬಿದ್ದ.

ಹಾಲ್‌ನಲ್ಲಿ ಎಲ್ಲಾ ಮೆಷಿನ್ನುಗಳೂ ಒಟ್ಟಿಗೆ ಕಿರುಚತೊಡಗಿದವು. ಸಿಸ್ಟರುಗಳು ಓಡಿದರು. ಹಿಡಿಕೆ ಹಿಡಿದು ಕೈಯಿಂದಲೇ ಮೆಷಿನ್ನಿನ ರಕ್ತದ ಪಂಪ್ ತಿರುಗಿಸಿ, ಕೊಳವೆಯಲ್ಲಿದ್ದ ರಕ್ತವನ್ನು ಒಬ್ಬೊಬ್ಬರಿಗೂ ವಾಪಸ್ ಕೊಟ್ಟರು. ಬಾಗಿಲ ಬಳಿ ಡಾಕ್ಟರು ನಿಂತಿದ್ದರು. ಅವರ ಚಪ್ಪಲಿಯ ಸುತ್ತ ಹಸಿರು. ಬಗ್ಗಿ, ಬೆರಳಲ್ಲಿ ಮುಟ್ಟಿ, ಮೂಸಿದರು.

"ಯಾವ ಮೆಷಿನ್ನೂ ಮತ್ತೆ ಹಾಕಬೇಡಿ" ಅಂದರು. "ಪಕ್ಕದ ಆಸ್ಪತ್ರೆಗೆ ಫೋನ್ ಮಾಡಿ. ಎಲ್ಲರನ್ನೂ ಅಲ್ಲಿಗೆ ಸಾಗಿಸೋಣ."

ಪೊಲೀಸರು ಪನ್ನೀರನ್ನೂ ಹಿಡಿದರು, ಟ್ಯಾಂಕರ್ ಹೊಂದಿಸಿಕೊಟ್ಟವನು ಅಂತ ನನ್ನನ್ನೂ ಹಿಡಿದರು. ಒಂದೇ ಜೀಪು. ದಾರಿಯುದ್ದಕ್ಕೂ ಅವನು ಹೊಟ್ಟೆ ಹಿಡಿದುಕೊಂಡಿದ್ದ. ಆ ನೀರಿನಲ್ಲಿ ಅಕ್ಕನ ದ್ರವ ಉಪ್ಪು ಒಂದಿಷ್ಟು ಕರಗಿ ಉಳಿದಿರುತ್ತದಂತೆ. ಎರಡು ದಿನ ಸೆಲ್ಲಿನಲ್ಲಿ ಅವನಿಗೆ ಸಂಡಾಸೇ ಮನೆಯಾಯಿತು. ನಗು ಬರಬೇಕಿತ್ತು. ಬರಲಿಲ್ಲ.

ಸಂಜೆ ಅಕ್ಕನ ರಿಪೋರ್ಟ್ ಬಂತು. ಪಾಚಿಯ ವಿಷವೇ. ಅನುಮಾನವೇ ಇಲ್ಲ.

ಮಾವನಿಗೆ ಏನೂ ಆಗಲಿಲ್ಲ. ಪಕ್ಕದ ಆಸ್ಪತ್ರೆಯಲ್ಲಿ ಅವರ ಡಯಾಲಿಸಿಸ್ ಆಯಿತು. ಉಳಿದವರಲ್ಲಿ ಕೆಲವರು ವಾಂತಿ, ತಲೆನೋವು ಅಂತ ನರಳಿ ಚೇತರಿಸಿಕೊಂಡರು.

ಟೈಲರಮ್ಮ ಚೇತರಿಸಿಕೊಳ್ಳಲಿಲ್ಲ.

ಅವತ್ತು ಎಲ್ಲರಿಗಿಂತ ಮೊದಲು ಮಲಗಿದ್ದವರು ಅವರು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ನೀರಿನ ಪಕ್ಕ ಇದ್ದವರು. ಜಾಮೀನು ಸಿಕ್ಕಿದ ದಿನವೇ ವಾರ್ಡಿಗೆ ಹೋದೆ. ಕಣ್ಣುಗಳು ಹಳದಿಯಾಗಿದ್ದವು. ಗುಂಡಿಯ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ಹಾಕಿ.

"ಬಂದ್ಯಾ ಬಡಾಯಿ... ಒಂದು ಕೆಲಸ ಮಾಡ್ತೀಯಾ?"

"ಹೇಳಿ ಅಮ್ಮ."

"ನಾನು ಹೋದ್ಮೇಲೆ ಊರಿಗೆಲ್ಲ ದೊಡ್ಡದಾಗಿ ಹೇಳು. ಟೈಲರಮ್ಮ ಸಿಂಹದ ಹಾಗಿದ್ಳು ಅಂತ. ಸಣ್ಣದು ಮಾಡಬೇಡ."

"ಸಿಂಹ ಏನಮ್ಮ, ನೀವು..."

ಈ ಬಾಯಿಗೆ! ಈ ಬಾಯಿಗೆ ಒಂದು ಸುಳ್ಳು ಸಿಗಲಿಲ್ಲ, ಸ್ವಾಮಿ.

ಅವರು ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕೂತೆ.

"ಅಕ್ಕ, ಸರಿಯಾದ ಪದರ ತಂದಿದ್ರೆ?"

"ಬಿಡೋ."

"ಫೋನಲ್ಲಿ ನಿನ್ನ ಮಾತು ಪೂರ್ತಿ ಕೇಳಿಸ್ಕೊಂಡಿದ್ರೆ? ಅವರು ಉಳೀತಿದ್ರಾ?"

ಅಕ್ಕ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ಗೊತ್ತಿಲ್ಲ."

"ಇಲ್ಲ ಅನ್ನು ಅಕ್ಕ. ಒಂದು ಸಲ ಇಲ್ಲ ಅಂದ್ಬಿಡು."

"ಗೊತ್ತಿಲ್ಲದ್ದನ್ನ ಗೊತ್ತು ಅನ್ನೋಕೆ ನನಗೆ ಬರಲ್ಲ ಕಣೋ. ಬೇಗ ನಿಲ್ತಿತ್ತು. ಅಷ್ಟು ಮಾತ್ರ ಗೊತ್ತು."

ನನ್ನ ಹೆಗಲ ಮೇಲೆ ಕೈ ಇಟ್ಟಳು. ಆ ಕೈ ಹಗುರವಾಗಿರಲಿಲ್ಲ.

ಈಗ ಟೀ ಅಂಗಡಿಗೆ ಹೋದರೆ ಜನ ಎದ್ದು ಜಾಗ ಕೊಡುತ್ತಾರೆ. ಬಡಾಯಿ ಒಬ್ಬನೇ ಹತ್ತು ಗೂಂಡಾಗಳನ್ನು ಹೊಡೆದು ನೂರು ಜನರ ಜೀವ ಉಳಿಸಿದ ಅಂತ ಊರೆಲ್ಲ ಮಾತು. ಅಲ್ಲಿದ್ದದ್ದು ಎಂಟು ಹಾಸಿಗೆ. ಹೊಡೆಸಿಕೊಂಡವನು ನಾನು. ತಿದ್ದಲು ಹೋದರೆ ವಿನಯ ಅಂತಾರೆ!

ನನ್ನ ಲೆಕ್ಕ ಕೇಳುತ್ತೀರಾ? ನಾನು ಒಬ್ಬರನ್ನು ಕೊಂದೆ.

ಊರಿನ ಲೆಕ್ಕಕ್ಕಿಂತ ನನ್ನ ಲೆಕ್ಕ ಚಿಕ್ಕದಾಗಿರುವುದು ಇದೇ ಮೊದಲು... ಯಾರೂ ನಂಬುತ್ತಿಲ್ಲ!